ಸಕ್ಕರೆ 97 ಅಂತ ಬಂದ ರಿಪೋರ್ಟು: ಬೀಡಿ ಕಟ್ಟುವ ಒಬ್ಬ ಅಕ್ಕನ ಬಿಪಿ ಕಥೆ

ಉಡುಪಿ ಹತ್ತಿರದ ಕಟಪಾಡಿಯಿಂದ ಸ್ವಲ್ಪ ಒಳಗೆ ಇವರ ಮನೆ, ವಯಸ್ಸು 52, ಬೀಡಿ ಕಟ್ಟುವ ಕೆಲಸ, ಬಿಪಿ ಶುರುವಾಗಿ ಎಂಟು ವರ್ಷ, ನನ್ನ ಕ್ಲಿನಿಕ್‌ಗೆ ಬರ್ಲಿಕ್ಕೆ ಶುರು ಮಾಡಿ ಮೂರು ವರ್ಷ. ಅವರ ಹತ್ರ ಕೇಳಿಯೇ ಬರೀತಾ ಇದ್ದೇನೆ. ಹೆಸರು ಹಾಕ್ಬೇಡಿ ಡಾಕ್ಟ್ರೆ, ಉಳಿದದ್ದೆಲ್ಲ ಬರೀರಿ, ನಮ್ಮ ಹಾಗೆ ದಿನ ಇಡೀ ಕೂತು ಕೆಲಸ ಮಾಡುವವರಿಗೆ ಗೊತ್ತಾಗ್ಲಿ ಅಂದ್ರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಹಾಕ್ತೇನೆ.

ಆಟಿ (ತುಳುವಿನ ಮಳೆಗಾಲದ ತಿಂಗಳು) ಮುಗಿದ ಹೊತ್ತು, ಮಾತ್ರೆ ಚೀಟಿ ರಿನ್ಯೂ ಮಾಡ್ಲಿಕ್ಕೆ ಬಂದಿದ್ರು. ಬಿಪಿ 148/92. ಐದು ನಿಮಿಷ ಕೂರಿಸಿ ಇನ್ನೊಮ್ಮೆ ನೋಡಿದೆ, 146/92. ತೂಕ 68 ಕೆಜಿ, ಎತ್ತರ 153 ಸೆಂಟಿಮೀಟರ್, ಸೊಂಟದ ಸುತ್ತಳತೆ 94. ಈ ಸೊಂಟದ ಅಳತೆಯನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ತೆಗೆದಿರ್ಲಿಲ್ಲ ಅಂತ ಅವತ್ತು ಫೈಲ್ ತಿರುಗಿಸುವಾಗ ಗೊತ್ತಾಯ್ತು. ಬಿಪಿ ನೋಡುವುದು, ಮಾತ್ರೆ ಬರೆಯುವುದು, ಕಳಿಸುವುದು, ಇಷ್ಟೇ ಆಗ್ತಾ ಇತ್ತು. ಮಾತ್ರೆ ಅಟೆನೊಲಾಲ್ 50 ಮತ್ತು ಕ್ಲೋರ್‌ಥಾಲಿಡೋನ್ 12.5 ಒಟ್ಟಿಗೆ ಇರುವಂಥದ್ದು, ಎಂಟು ವರ್ಷದ ಹಿಂದೆ ತಲೆನೋವು ಅಂತ ಹೋದಾಗ ಬೇರೆ ಕಡೆ ಶುರು ಮಾಡಿದ್ದು, ರೇಟು ಕಮ್ಮಿ, ಬಿಪಿಯೂ ಸುಮಾರಾಗಿ ಹಿಡಿತದಲ್ಲಿ ಇರ್ತಿತ್ತು, ನಾನೂ ಅದನ್ನೇ ಮುಂದುವರಿಸಿದ್ದೆ.

ರಕ್ತ ಪರೀಕ್ಷೆ ಮಾಡದೆ ಎರಡು ವರ್ಷ ಆಗಿತ್ತು, ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಮಾಡಿಸಿ ಅಂತ ಬರೆದುಕೊಟ್ಟೆ. ನಾಲ್ಕು ದಿನ ಬಿಟ್ಟು ರಿಪೋರ್ಟ್ ತಂದ್ರು. ಶುಗರ್ 97. ಮುಖದಲ್ಲಿ ಖುಷಿ, ಯಾಕಂದ್ರೆ ಅವರ ಅಮ್ಮನಿಗೆ ಶುಗರ್ ಇದ್ದು ಕಾಲಿನ ಬೆರಳು ತೆಗೀಬೇಕಾಗಿ ಬಂದಿತ್ತು, ಬಿಪಿ ಅಂದ್ರೆ ಇವರಿಗೆ ಹೆದರಿಕೆ ಇಲ್ಲ, ಶುಗರ್ ಅಂದ್ರೆ ಹೆದರಿಕೆ. ನನಗೂ ಒಂದು ಕ್ಷಣ ಸಮಾಧಾನ ಆಯ್ತು. ಆಮೇಲೆ ಕೆಳಗಿನ ಸಾಲು ಓದಿದೆ. ರಕ್ತದ ಕೊಬ್ಬು, ಅಂದ್ರೆ ಟ್ರೈಗ್ಲಿಸರೈಡ್ 236. ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 37. ಒಟ್ಟು ಕೊಲೆಸ್ಟ್ರಾಲ್ 204, ಕೆಟ್ಟದ್ದು ಅನ್ನುವ ಎಲ್‌ಡಿಎಲ್ 120. ಯೂರಿಕ್ ಆಸಿಡ್ 7.3. ಲಿವರ್‌ನ ಎಎಲ್‌ಟಿ 46. ಪೊಟ್ಯಾಶಿಯಂ 3.4. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 0.8.

ಒಂದೊಂದೇ ನೋಡಿದ್ರೆ ಯಾವುದೂ ಓಡಿಹೋಗಿ ಅಡ್ಮಿಟ್ ಆಗುವಂಥದ್ದಲ್ಲ. ಟ್ರೈಗ್ಲಿಸರೈಡ್ ಸ್ವಲ್ಪ ಜಾಸ್ತಿ, ಎಣ್ಣೆ ಕಮ್ಮಿ ಮಾಡಿ. ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ, ನೀರು ಕುಡೀರಿ. ಪೊಟ್ಯಾಶಿಯಂ ಸ್ವಲ್ಪ ಕಮ್ಮಿ, ಎಳನೀರು ಕುಡೀರಿ. ಹೀಗೆ ಮೂರು ಸಲಹೆ ಕೊಟ್ಟು ಕಳಿಸಬಹುದಿತ್ತು, ಎಷ್ಟೋ ಕಡೆ ಹಾಗೇ ಆಗ್ತದೆ. ಆದ್ರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಆ 97 ಒಂದೇ ಬೇರೆಯವರ ರಿಪೋರ್ಟಿನಿಂದ ಬಂದ ಹಾಗೆ ಕಾಣ್ತಿತ್ತು.

ಯಾಕೆ ಹಾಗನ್ನಿಸಿತು ಅಂತ ಹೇಳ್ಬೇಕು. ಮೈಯಲ್ಲಿ ಸಕ್ಕರೆ ಇಳಿಸುವ ಇನ್ಸುಲಿನ್ ಮಾತು ನಡೆಯದೆ ಇದ್ದಾಗ, ಅಂದ್ರೆ ಇನ್ಸುಲಿನ್ ರೆಸಿಸ್ಟೆನ್ಸ್ ಬಂದಾಗ, ಅದನ್ನು ತಯಾರು ಮಾಡುವ ಪ್ಯಾಂಕ್ರಿಯಾಸ್ ಸುಮ್ಮನೆ ಕೂರುವುದಿಲ್ಲ, ಇನ್ನೂ ಜಾಸ್ತಿ ಇನ್ಸುಲಿನ್ ಬಿಡ್ತದೆ, ಹಾಗಾಗಿ ವರ್ಷಗಟ್ಟಲೆ ಸಕ್ಕರೆ ನಾರ್ಮಲ್ ಆಗಿಯೇ ಇರ್ತದೆ. ಆದ್ರೆ ಆ ಜಾಸ್ತಿ ಇನ್ಸುಲಿನ್ ಬೇರೆ ಬೇರೆ ಕಡೆ ತನ್ನ ಕೆಲಸ ಮಾಡ್ತಾ ಇರ್ತದೆ. ಕಿಡ್ನಿ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ತದೆ, ಬಿಪಿ ಏರ್ತದೆ. ಅದೇ ಕಿಡ್ನಿ ಯೂರಿಕ್ ಆಸಿಡನ್ನೂ ವಾಪಸ್ ಎಳ್ಕೊಳ್ತದೆ. ಲಿವರ್ ಕೊಬ್ಬು ಕಟ್ಟಿ ಕಟ್ಟಿ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡ್ತದೆ, ಒಂದಷ್ಟು ಅಲ್ಲೇ ಉಳಿದು ಫ್ಯಾಟಿ ಲಿವರ್ ಆಗ್ತದೆ, ಎಎಲ್‌ಟಿ ಮೇಲೆ ಹೋಗುವುದು ಹಾಗೆ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಲ್ಲಿ ಎಚ್‌ಡಿಎಲ್ ಬೇಗ ಬೇಗ ಕರಗಿ ಹೋಗ್ತದೆ. ಬಿಪಿ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಸಕ್ಕರೆ ಇವೆಲ್ಲ ಒಂದೇ ಬೇರಿನ ಕೊಂಬೆಗಳು ಅಂತ ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್ 1988ರಲ್ಲೇ ಹೇಳಿ ಅದಕ್ಕೆ ಸಿಂಡ್ರೋಮ್ ಎಕ್ಸ್ ಅಂತ ಹೆಸರಿಟ್ಟಿದ್ರು, ಈಗ ನಾವು ಮೆಟಬಾಲಿಕ್ ಸಿಂಡ್ರೋಮ್ ಅಂತೇವೆ. ಐದರಲ್ಲಿ ಮೂರು ಇದ್ರೆ ಉಂಟು ಅಂತ ಲೆಕ್ಕ: ನಮ್ಮ ಕಡೆಯ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ಅಥವಾ ಜಾಸ್ತಿ, ಗಂಡಸರಿಗೆ 90, ಟ್ರೈಗ್ಲಿಸರೈಡ್ 150 ಅಥವಾ ಜಾಸ್ತಿ, ಎಚ್‌ಡಿಎಲ್ ಹೆಂಗಸರಿಗೆ 50ಕ್ಕಿಂತ, ಗಂಡಸರಿಗೆ 40ಕ್ಕಿಂತ ಕಮ್ಮಿ, ಬಿಪಿ 130/85 ಅಥವಾ ಜಾಸ್ತಿ, ಇಲ್ಲವೇ ಬಿಪಿ ಮಾತ್ರೆ, ಖಾಲಿ ಹೊಟ್ಟೆ ಸಕ್ಕರೆ 100 ಅಥವಾ ಜಾಸ್ತಿ. ಇವರಿಗೆ ಸಕ್ಕರೆ ಬಿಟ್ಟು ನಾಲ್ಕೂ ಉಂಟು. ನಾಲ್ಕೂ ಇದ್ದು, ಅಮ್ಮನಿಗೆ ಶುಗರ್ ಇದ್ದು, ವಯಸ್ಸು 52 ಆಗಿ, ಸಕ್ಕರೆ ಮಾತ್ರ 97 ಇರಬಾರದು ಅಂತೇನಿಲ್ಲ, ಇರ್ಬಹುದು, ಆದ್ರೆ ನಂಬುವ ಮೊದಲು ಒಮ್ಮೆ ಕೇಳಿ ನೋಡ್ಬೇಕು.

ಅಕ್ಕ, ರಕ್ತ ಎಲ್ಲಿ ಕೊಟ್ರಿ ಅಂತ ಕೇಳಿದೆ. ಮನೆಗೇ ಬಂದಿದ್ರು ಡಾಕ್ಟ್ರೆ, ಹುಡುಗ ಬೆಳಿಗ್ಗೆ ಆರೂವರೆಗೆ ಬಂದ, ನಮ್ಮದು ತೆಗ್ದು ಆಮೇಲೆ ಆಚೆ ಮನೆ, ಈಚೆ ಮನೆ, ಭಟ್ರ ಮನೆ ಎಲ್ಲ ಮುಗಿಸಿ ಹೋದ, ಹತ್ತು ಗಂಟೆಗೆ ಈಗ ಲ್ಯಾಬಿಗೆ ತಲುಪಿದೆ ಅಂತ ಫೋನ್ ಮಾಡಿ ಹೇಳಿದ, ಒಳ್ಳೆ ಹುಡುಗ ಅಂದ್ರು. ಟ್ಯೂಬಿನ ಮುಚ್ಚಳ ಯಾವ ಬಣ್ಣ ನೆನಪುಂಟಾ ಅಂದೆ. ಬೀಡಿ ಕಟ್ಟುವವರ ಕಣ್ಣು, ಎಲೆಯ ಸಣ್ಣ ತೂತು ಕೂಡ ತಪ್ಪುವುದಿಲ್ಲ, ಥಟ್ಟಂತ ಹೇಳಿದ್ರು: ಒಂದು ಹಳದಿ, ಒಂದು ನೇರಳೆ. ಬೂದು ಬಣ್ಣದ್ದು? ಇಲ್ಲ, ಎರಡೇ.

ಇಲ್ಲೇ ವಿಷಯ ಇರುವುದು. ರಕ್ತ ಟ್ಯೂಬಿಗೆ ಬಿದ್ದ ಮೇಲೂ ಅದರಲ್ಲಿರುವ ಕಣಗಳು ಬದುಕಿಯೇ ಇರ್ತವೆ, ಸಕ್ಕರೆ ತಿಂತಾ ಇರ್ತವೆ. ಗಂಟೆಗೆ ಸುಮಾರು 5ರಿಂದ 7 ಪರ್ಸೆಂಟ್ ಸಕ್ಕರೆ ಹಾಗೇ ಇಳಿದು ಹೋಗ್ತದೆ, ಸೆಖೆಯಲ್ಲಿ ಇನ್ನೂ ಬೇಗ. ಅದನ್ನು ತಡೀಲಿಕ್ಕೇ ಬೂದು ಮುಚ್ಚಳದ ಟ್ಯೂಬ್ ಇರುವುದು, ಅದರಲ್ಲಿ ಫ್ಲೋರೈಡ್ ಇರ್ತದೆ (ಅದು ಕೂಡ ಮೊದಲ ಒಂದೆರಡು ಗಂಟೆಯ ಇಳಿಕೆಯನ್ನು ಪೂರ್ತಿ ನಿಲ್ಲಿಸುವುದಿಲ್ಲ). ಇಲ್ಲಾಂದ್ರೆ ಅರ್ಧ ಗಂಟೆಯೊಳಗೆ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರೆ ಮಾಡ್ಬೇಕು. ಇವರ ರಕ್ತ ಹಳದಿ ಟ್ಯೂಬಿನಲ್ಲಿ ಮೂರೂವರೆ ಗಂಟೆ ಸ್ಕೂಟರಿನ ಬಾಕ್ಸಿನಲ್ಲಿ ಊರು ಸುತ್ತಿದೆ. ಪೊಟ್ಯಾಶಿಯಂ ಕೂಡ ಹೀಗೆ ತಡವಾದ್ರೆ ನಂಬಲಿಕ್ಕಾಗುವುದಿಲ್ಲ, ಬೆಚ್ಚಗಿದ್ರೆ ಮೊದಲು ಇಳಿಯುತ್ತದೆ, ತಣ್ಣಗಿಟ್ರೆ ಏರ್ತದೆ. ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಅವನ ಕೈಗೆ ಕೊಟ್ಟದ್ದೇ ಎರಡು ಟ್ಯೂಬ್. ಲ್ಯಾಬಿನವರ ಹತ್ರ ನಾನೇ ಮಾತಾಡಿದೆ, ಹೌದು ಡಾಕ್ಟ್ರೆ ಬೂದು ಟ್ಯೂಬ್ ಮುಗಿದಿತ್ತು ಅಂದ್ರು. ರಿಪೋರ್ಟಿನಲ್ಲಿ ಅದನ್ನು ಒಂದು ಸಾಲು ಬರೆಯಬಹುದಿತ್ತು, ಒಂದೇ ಸಾಲು ಸಾಕಿತ್ತು.

ಮುಂದಿನ ವಾರ ಇವರನ್ನೇ ಬಸ್ಸಿನಲ್ಲಿ ಉಡುಪಿಗೆ ಬರ್ಲಿಕ್ಕೆ ಹೇಳಿ, ಲ್ಯಾಬಿನಲ್ಲೇ ರಕ್ತ ತೆಗೆಸಿ, ಅಲ್ಲೇ ತಿರುಗಿಸಿ ನೋಡಿದ್ದು. ಖಾಲಿ ಹೊಟ್ಟೆ ಸಕ್ಕರೆ 128. ಅದೇ ರಕ್ತದಲ್ಲಿ ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ, 6.7. ಸಕ್ಕರೆಗೆ ಗೆರೆ 126, ಎಚ್‌ಬಿಎ1ಸಿಗೆ 6.5, ಎರಡೂ ಒಂದೇ ಸ್ಯಾಂಪಲ್‌ನಲ್ಲಿ ಗೆರೆ ದಾಟಿದ್ರೆ ಡಯಾಬಿಟಿಸ್ ಅಂತ ಹೇಳ್ಬಹುದು, ಮತ್ತೊಮ್ಮೆ ಮಾಡಿಸ್ಬೇಕಂತಿಲ್ಲ. 97ಕ್ಕೂ 128ಕ್ಕೂ ಇರುವ ವ್ಯತ್ಯಾಸ ಪೂರ್ತಿ ಟ್ಯೂಬಿನದ್ದೇ ಅಂತ ನಾನು ಹೇಳುವುದಿಲ್ಲ, ಸಕ್ಕರೆ ದಿನದಿಂದ ದಿನಕ್ಕೆ ಬದಲಾಗ್ತದೆ, ಆದ್ರೆ ಬಹುಪಾಲು ಅದೇ. ಹಿಮೋಗ್ಲೋಬಿನ್ 12.6 ಇತ್ತು, ಅದನ್ನು ಬೇಕಂತಲೇ ನೋಡಿದ್ದು, ಕಬ್ಬಿಣದ ಅಂಶ ಕಮ್ಮಿ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ಸುಳ್ಳೇ ಜಾಸ್ತಿ ತೋರಿಸ್ತದೆ. ಥೈರಾಯ್ಡ್ ನಾರ್ಮಲ್. ಪೊಟ್ಯಾಶಿಯಂ ಈ ಸಲ 3.3, ಅಂದ್ರೆ ನಿಜವಾಗಿಯೂ ಕಮ್ಮಿ. ಮೂತ್ರದಲ್ಲಿ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಮತ್ತು ಕ್ರಿಯಾಟಿನಿನ್ ಅನುಪಾತ 64, ಅದು 30ರ ಒಳಗೆ ಇರ್ಬೇಕು. ಕ್ರಿಯಾಟಿನಿನ್ 0.8 ಚಂದ ಉಂಟು ಅಂತ ನಾವು ಕೂತಿದ್ದೆವು, ಅಷ್ಟರಲ್ಲಿ ಕಿಡ್ನಿಯ ಜರಡಿ ಸೋರ್ಲಿಕ್ಕೆ ಶುರುವಾಗಿತ್ತು. ಈ ಮೂತ್ರದ ಪರೀಕ್ಷೆ ಬಿಪಿ ಇರುವ ಪ್ರತಿಯೊಬ್ಬರಿಗೂ ಒಮ್ಮೆಯಾದ್ರೂ ಆಗ್ಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಶುಗರ್ ಉಂಟು ಅಂತ ಹೇಳಿದಾಗ ಅಕ್ಕ ಮಾತೇ ಆಡ್ಲಿಲ್ಲ. ಸೆರಗಿನ ತುದಿಯನ್ನು ಬೀಡಿ ಸುತ್ತಿದ ಹಾಗೆ ಬೆರಳಲ್ಲಿ ಸುತ್ತುತ್ತಾ ಕೂತಿದ್ರು. ಆಮೇಲೆ ಕೇಳಿದ್ದು ಒಂದೇ, ಅಮ್ಮನ ಹಾಗೆ ಆಗ್ತದಾ? ಅಮ್ಮನಿಗೆ ಗೊತ್ತಾಗುವಾಗ ಕಾಲು ಮರಗಟ್ಟಿ ಗಾಯ ಆಗಿತ್ತು ಅಕ್ಕ, ನಿಮ್ಮದು 6.7ರಲ್ಲೇ ಸಿಕ್ಕಿದೆ, ಎರಡೂ ಒಂದೇ ಅಲ್ಲ ಅಂದೆ. ಅವರ ಬೆರಳು ನಿಂತಿತು.

ಅವತ್ತು ಬೇರೆ ಪೇಶೆಂಟ್ ಇಲ್ಲದ ಕಾರಣ ದಿನಚರಿ ಪೂರ್ತಿ ಕೇಳ್ಲಿಕ್ಕೆ ಸಮಯ ಸಿಕ್ಕಿತು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಜೂನ್ ಜುಲೈ ಎರಡು ತಿಂಗಳು ಬೋಟ್ ಕಡಲಿಗೆ ಇಳಿಯುವುದಿಲ್ಲ, ಆಗ ದಿನಾ ಒಣಮೀನಿನ ಚಟ್ನಿ, ಅದಿಲ್ಲದಿದ್ರೆ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಹಪ್ಪಳ. ಮಳೆಗಾಲ ಮುಗಿಯುವಾಗ ಬಿಪಿ ಏರಿಕೊಂಡು ಬರುವ ಪೇಶೆಂಟುಗಳು ನನಗೆ ಇವರೊಬ್ಬರೇ ಅಲ್ಲ. ಒಂಬತ್ತು ಗಂಟೆಗೆ ಮೊರ ಮಡಿಲಲ್ಲಿ ಇಟ್ಟು ಜಗಲಿಯಲ್ಲಿ ಕೂತ್ರೆ ಮಧ್ಯಾಹ್ನ ಊಟಕ್ಕೆ ಏಳುವುದು, ಮತ್ತೆ ಕೂತ್ರೆ ಸಂಜೆ ದೀಪ ಇಡುವ ಹೊತ್ತಿಗೆ. ದಿನಕ್ಕೆ ಐನೂರು ಆರುನೂರು ಬೀಡಿ. ಕತ್ತು ಬಗ್ಗಿಸಿ ಬಗ್ಗಿಸಿ ನೋವು, ನಿದ್ದೆ ಬರಬಾರದು ಅಂತ ಚಾ. ಎಷ್ಟು ಚಾ? ಆರು ಆಗ್ಬಹುದು. ಸಕ್ಕರೆ? ಎರಡು ಚಮಚ. ಒಂದು ಚಮಚ ಐದು ಗ್ರಾಮ್ ಅಂತಿಟ್ಟರೂ ಬರೀ ಚಾದಲ್ಲೇ 60 ಗ್ರಾಮ್ ಸಕ್ಕರೆ ಆಯ್ತು. ಎಣ್ಣೆ ತಿಂದ್ರೆ ಮಾತ್ರ ಟ್ರೈಗ್ಲಿಸರೈಡ್ ಏರುವುದು ಅಂತ ಜನ ನಂಬಿದ್ದಾರೆ, ಲಿವರ್ ಈ ಸಕ್ಕರೆಯಿಂದಲೇ ಚಂದ ಮಾಡಿ ಟ್ರೈಗ್ಲಿಸರೈಡ್ ತಯಾರು ಮಾಡ್ತದೆ.

ಕತ್ತು ನೋವಿಗೆ ಎಂತ ಮಾಡ್ತೀರಿ ಅಂದದ್ದಕ್ಕೆ ಪರ್ಸಿನಿಂದ ಒಂದು ಸ್ಟ್ರಿಪ್ ತೆಗೆದು ಮೇಜಿನ ಮೇಲೆ ಇಟ್ರು. ಡೈಕ್ಲೊಫೆನಾಕ್. ಹತ್ತರಲ್ಲಿ ಏಳು ಖಾಲಿ. ತಿಂಗಳಿಗೆ ಮೂರು ಸ್ಟ್ರಿಪ್, ಅಂಗಡಿಯಲ್ಲಿ ಕೇಳಿದ್ರೆ ಕೊಡ್ತಾರೆ. ಮೂರು ವರ್ಷ ನಾನು ಕೇಳಿರ್ಲಿಲ್ಲ, ಅವರು ಹೇಳಿರ್ಲಿಲ್ಲ, ನೋವಿನ ಮಾತ್ರೆಗೂ ಬಿಪಿಗೂ ಸಂಬಂಧ ಉಂಟು ಅಂತ ಅವರಿಗೆ ಗೊತ್ತಾಗುವುದಾದ್ರೂ ಹೇಗೆ? ಈ ಜಾತಿಯ ಮಾತ್ರೆ ಕಿಡ್ನಿಯಲ್ಲಿ ಉಪ್ಪು ನೀರು ಹಿಡಿದಿಡ್ತದೆ, ಬಿಪಿ ಏರಿಸ್ತದೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸ್ತದೆ.

ಈಗ ನಾನು ಮುಂದುವರಿಸಿದ ಮಾತ್ರೆಯ ವಿಷಯ. ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ (ಎದೆ ಬಡಿತ ತಗ್ಗಿಸುವ ಮಾತ್ರೆ) ಇನ್ಸುಲಿನ್ ಮಾತು ಇನ್ನಷ್ಟು ನಡೆಯದ ಹಾಗೆ ಮಾಡ್ತದೆ, ಟ್ರೈಗ್ಲಿಸರೈಡ್ ಏರಿಸಿ ಎಚ್‌ಡಿಎಲ್ ಇಳಿಸ್ತದೆ. ಕ್ಲೋರ್‌ಥಾಲಿಡೋನ್ ಮೂತ್ರದಲ್ಲಿ ಉಪ್ಪಿನ ಜೊತೆಗೆ ಪೊಟ್ಯಾಶಿಯಂ ಕೂಡ ಕಳಿಸ್ತದೆ, ಯೂರಿಕ್ ಆಸಿಡ್ ಏರಿಸ್ತದೆ, ಪೊಟ್ಯಾಶಿಯಂ ಕಮ್ಮಿಯಾದ್ರೆ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಬರುವುದೂ ಕುಂದುತ್ತದೆ. ಅಂದ್ರೆ ಇವರ ರಿಪೋರ್ಟಿನ ಅರ್ಧ ಮೈಯ ಕಥೆ, ಇನ್ನರ್ಧ ಮಾತ್ರೆಯ ಕಥೆ, ಎರಡೂ ಒಂದೇ ದಿಕ್ಕಿಗೆ ತಳ್ತಾ ಇತ್ತು. 2005ರಲ್ಲಿ ಬಂದ ಆಸ್ಕಾಟ್ ಅನ್ನುವ ದೊಡ್ಡ ಟ್ರಯಲ್‌ನಲ್ಲಿ 19,257 ಬಿಪಿ ಪೇಶೆಂಟುಗಳಲ್ಲಿ ಒಂದು ಗುಂಪಿಗೆ ಅಟೆನೊಲಾಲ್, ಬೇಕಾದ್ರೆ ಕ್ಲೋರ್‌ಥಾಲಿಡೋನ್ ಥರದ ಥಯಾಜೈಡ್, ಇನ್ನೊಂದು ಗುಂಪಿಗೆ ಆಮ್ಲೋಡಿಪಿನ್, ಬೇಕಾದ್ರೆ ಪೆರಿಂಡೋಪ್ರಿಲ್ ಕೊಟ್ಟಿದ್ರು, ಎರಡನೇ ಗುಂಪಿನಲ್ಲಿ ಹೊಸದಾಗಿ ಶುಗರ್ ಬಂದವರು ಸುಮಾರು 30 ಪರ್ಸೆಂಟ್ ಕಮ್ಮಿ. ಇದನ್ನು ಓದಿ ಕ್ಲೋರ್‌ಥಾಲಿಡೋನ್ ವಿಷ ಅಂತ ಯಾರೂ ತಿಳ್ಕೊಳ್ಬೇಡಿ, ನಾಳೆ ಬೆಳಿಗ್ಗೆ ನಿಮ್ಮ ಮಾತ್ರೆ ನಿಲ್ಲಿಸ್ಲೂಬೇಡಿ. 2002ರ ಆಲ್‌ಹ್ಯಾಟ್ ಟ್ರಯಲ್‌ನಲ್ಲಿ ನಾಲ್ಕು ವರ್ಷದಲ್ಲಿ ಹೊಸ ಶುಗರ್ ಕ್ಲೋರ್‌ಥಾಲಿಡೋನ್‌ನಲ್ಲಿ 11.6 ಪರ್ಸೆಂಟ್, ಆಮ್ಲೋಡಿಪಿನ್‌ನಲ್ಲಿ 9.8, ಲಿಸಿನೊಪ್ರಿಲ್‌ನಲ್ಲಿ 8.1, ಹಾಗಿದ್ದೂ ಹಾರ್ಟ್ ಅಟ್ಯಾಕ್ ತಡೆಯುವುದರಲ್ಲಿ ಅದು ಇನ್ನೆರಡಕ್ಕಿಂತ ಹಿಂದೆ ಬೀಳ್ಲಿಲ್ಲ. ಒಳ್ಳೆ ಮಾತ್ರೆಯೇ. ಆದ್ರೆ ಸೊಂಟ 94, ಟ್ರೈಗ್ಲಿಸರೈಡ್ 236, ಅಮ್ಮನಿಗೆ ಶುಗರ್ ಇರುವ ಒಬ್ಬರಿಗೆ ಅಟೆನೊಲಾಲ್ ಜೊತೆ ಸೇರಿಸಿ ಎಂಟು ವರ್ಷ ಕೊಟ್ಟು, ನಡುವೆ ರಕ್ತ ಸರಿಯಾಗಿ ನೋಡದೆ ಇದ್ದದ್ದು ತಪ್ಪು. ಕಡೆಯ ಮೂರು ವರ್ಷದ ತಪ್ಪು ನನ್ನದು, ಅದನ್ನು ಅವರ ಎದುರೇ ಹೇಳಿದೆ.

ಅಟೆನೊಲಾಲ್ ಒಮ್ಮೆಲೇ ನಿಲ್ಲಿಸಿದ್ರೆ ಎದೆ ಬಡಿತ ಏರಿ ಬಿಪಿ ಹಾರ್ತದೆ, ಹಾಗಾಗಿ ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ ತೆಗೆದೆವು. ಜಾಗದಲ್ಲಿ ಟೆಲ್ಮಿಸಾರ್ಟಾನ್ 40, ಆಮ್ಲೋಡಿಪಿನ್ 5. ಮೂತ್ರದಲ್ಲಿ ಆಲ್ಬುಮಿನ್ ಹೋಗುವವರಿಗೆ ಟೆಲ್ಮಿಸಾರ್ಟಾನ್ ಜಾತಿಯದ್ದು ಕಿಡ್ನಿಗೂ ಒಳ್ಳೇದು, ಆದ್ರೆ ಶುರು ಮಾಡಿ ಎರಡು ವಾರದಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ ನೋಡ್ಲೇಬೇಕು, ನೋಡಿದೆ, 4.2 ಮತ್ತು 0.9. ಶುಗರ್‌ಗೆ ಮೆಟ್‌ಫಾರ್ಮಿನ್ 500 ರಾತ್ರಿ ಊಟದ ಮೇಲೆ, ಹೊಟ್ಟೆಗೆ ಒಗ್ಗಿದ ಮೇಲೆ ಎರಡು ಹೊತ್ತು. ಕೊಲೆಸ್ಟ್ರಾಲ್‌ಗೆ ಅಟಾರ್ವಾಸ್ಟಾಟಿನ್ 10. ಯೂರಿಕ್ ಆಸಿಡ್‌ಗೆ ಮಾತ್ರೆ ಕೊಡ್ಲಿಲ್ಲ, ಗಂಟು ಊದಿ ನೋವು ಬಂದವರಲ್ಲ ಇವರು, ಏರಿಸುವ ಮಾತ್ರೆ ತೆಗೆದ್ರೆ ಇಳಿಯುತ್ತದೆ ಅಂತ ಕಾದೆ. ಡೈಕ್ಲೊಫೆನಾಕ್ ಬಂದ್, ನೋವು ತಡೆಯದಿದ್ದಾಗ ಪ್ಯಾರಸಿಟಮಾಲ್, ಕತ್ತಿಗೆ ಬಿಸಿನೀರ ಶಾಖ.

ಊಟದಲ್ಲಿ ಗಂಜಿ ಬಿಡಿ ಅಂತ ನಾನು ಹೇಳುವುದಿಲ್ಲ. ಗಂಜಿ ಬಿಡಿ ಅಂದ್ರೆ ಈ ಊರಲ್ಲಿ ಯಾರೂ ಎರಡನೇ ಸಲ ಕ್ಲಿನಿಕ್‌ಗೆ ಬರುವುದಿಲ್ಲ, ಬಿಡ್ಬೇಕಾಗಿಯೂ ಇಲ್ಲ. ದೊಡ್ಡ ಬಟ್ಟಲು ಸಣ್ಣದಾಯ್ತು, ಉಪ್ಪಿನಕಾಯಿ ಜಾಗಕ್ಕೆ ಹುರುಳಿ ಚಟ್ನಿ, ಬೇಯಿಸಿದ ಹೆಸರುಕಾಳು. ಬೂತಾಯಿ ಬಂಗುಡೆ ಮೀನು ಧಾರಾಳ ತಿನ್ನಿ, ಕಾಯಿಸಿದ್ದಕ್ಕಿಂತ ಪುಳಿಮುಂಚಿ (ಹುಳಿ ಖಾರದ ಸಾರು) ಒಳ್ಳೇದು. ಚಾ ಆರರಿಂದ ಮೂರು, ಸಕ್ಕರೆ ಎರಡು ಚಮಚದಿಂದ ಅರ್ಧಕ್ಕೆ, ತಿಂಗಳು ಕಳೆದ ಮೇಲೆ ಅವರೇ ಪೂರ್ತಿ ಬಿಟ್ರು. ವಾಕಿಂಗ್ ಹೋಗಿ ಅಂದ್ರೆ ನಗ್ತಾರೆ, ಬೀಡಿ ಬ್ರಾಂಚಿಗೆ ಕೊಡ್ಲಿಕ್ಕಿರುವಾಗ ರಸ್ತೆಯಲ್ಲಿ ತಿರುಗ್ಲಿಕ್ಕೆ ಯಾರಿಗೆ ಪುರುಸೊತ್ತು? ಹಾಗಾಗಿ ಲೆಕ್ಕ ಬೀಡಿಯಲ್ಲೇ ಇಟ್ಟೆವು. 25ರ ಎರಡು ಕಟ್ಟು ಆದ ಕೂಡ್ಲೆ ಮೊರ ಕೆಳಗಿಟ್ಟು ಏಳುವುದು, ಅಂಗಳ ದಾಟಿ ತೋಟದ ಕೊನೆಯ ತೆಂಗಿನ ಮರದವರೆಗೆ ಹೋಗಿ ಬರುವುದು. ದಿನಕ್ಕೆ ಹತ್ತು ಹನ್ನೊಂದು ಸಲ ಆಗ್ತದೆ. ಕತ್ತು ನೋವು ಇದರಿಂದಲೇ ಅರ್ಧ ಇಳಿಯಿತು ಅಂತ ಅವರೇ ಹೇಳಿದ್ದು, ನಾನು ಅಷ್ಟು ನಿರೀಕ್ಷೆ ಮಾಡಿರ್ಲಿಲ್ಲ.

ದುಬೈಯಲ್ಲಿರುವ ಮಗ ತಂದುಕೊಟ್ಟ ಬಿಪಿ ಮೆಷಿನ್ ಕಪಾಟಿನಲ್ಲಿ ಧೂಳು ಹಿಡಿದಿತ್ತು, ಅದನ್ನು ಕ್ಲಿನಿಕ್‌ಗೆ ತರಿಸಿ ನನ್ನ ಮೆಷಿನ್ ಜೊತೆ ತಾಳೆ ನೋಡಿ ಕೊಟ್ಟೆ. ಈಗ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ತರ್ತಾರೆ.

ಮೂರು ತಿಂಗಳ ಮೇಲೆ, ಲ್ಯಾಬಿಗೇ ಹೋಗಿ ಕೊಟ್ಟ ರಕ್ತ: ಖಾಲಿ ಹೊಟ್ಟೆ ಸಕ್ಕರೆ 108, ಎಚ್‌ಬಿಎ1ಸಿ 6.1, ಟ್ರೈಗ್ಲಿಸರೈಡ್ 158, ಎಚ್‌ಡಿಎಲ್ 41, ಎಲ್‌ಡಿಎಲ್ 78, ಯೂರಿಕ್ ಆಸಿಡ್ 5.9, ಪೊಟ್ಯಾಶಿಯಂ 4.3, ಮೂತ್ರದ ಅನುಪಾತ 22. ತೂಕ ಮೂರೂವರೆ ಕೆಜಿ ಇಳಿದಿದೆ, ಸೊಂಟ 90. ಮನೆಯಲ್ಲಿ ಬಿಪಿ ಸರಾಸರಿ 128/80. ಇದರಲ್ಲಿ ಎಷ್ಟು ಮಾತ್ರೆ ಬದಲಿಸಿದ್ದರಿಂದ, ಎಷ್ಟು ಸಕ್ಕರೆ ಬಿಟ್ಟದ್ದರಿಂದ, ಎಷ್ಟು ನೋವಿನ ಮಾತ್ರೆ ನಿಲ್ಲಿಸಿದ್ದರಿಂದ ಅಂತ ಬಿಡಿಸಿ ಹೇಳ್ಲಿಕ್ಕೆ ಆಗುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಮಾಡಿದ್ದೇವೆ. ಯೂರಿಕ್ ಆಸಿಡ್, ಪೊಟ್ಯಾಶಿಯಂ ಎರಡು ಮಾತ್ರ ಮಾತ್ರೆಯ ಬದಲಾವಣೆಯಿಂದ ಅಂತ ಧೈರ್ಯದಲ್ಲಿ ಹೇಳ್ತೇನೆ. ಪೊಟ್ಯಾಶಿಯಂ ಕಮ್ಮಿ ಇದ್ದಾಗ ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್ (ಬಿಪಿ ಏರಿಸಿ ಪೊಟ್ಯಾಶಿಯಂ ಇಳಿಸುವ ಹಾರ್ಮೋನ್) ಜಾಸ್ತಿ ಇರಬಹುದಾ ಅಂತ ಸಂಶಯ ಬಂದಿತ್ತು, ಬಿಪಿ ಎರಡೇ ಮಾತ್ರೆಯಲ್ಲಿ ಕೂತಿದ್ದರಿಂದ ಆ ಪರೀಕ್ಷೆ ಸದ್ಯಕ್ಕೆ ಮಾಡಿಸಿಲ್ಲ, ಬಿಪಿ ಮತ್ತೆ ಏರಿದ್ರೆ ಮೊದಲು ಅದನ್ನೇ ಮಾಡಿಸ್ತೇನೆ.

ಎಚ್‌ಡಿಎಲ್ ಇನ್ನೂ 50 ಮುಟ್ಟಿಲ್ಲ. ಕಣ್ಣಿನ ಒಳಪದರದ ಪರೀಕ್ಷೆಯೂ ಬಾಕಿ, ಮಣಿಪಾಲಕ್ಕೆ ಹೋಗ್ಬೇಕು, ಕಣ್ಣಿಗೆ ಮದ್ದು ಬಿಟ್ರೆ ಅವತ್ತು ಬೀಡಿ ಕಟ್ಲಿಕ್ಕಾಗುವುದಿಲ್ಲ ಅಂತ ಮುಂದೆ ಹಾಕ್ತಾ ಇದ್ದಾರೆ, ಡಿಸೆಂಬರ್‌ನಲ್ಲಿ ಮಗ ಊರಿಗೆ ಬಂದಾಗ ಕರ್ಕೊಂಡು ಹೋಗ್ತಾನಂತೆ. ಕಳೆದ ವಾರ ಬಂದಾಗ ಒಟ್ಟಿಗೆ ತಂಗಿಯೂ ಇದ್ರು, 47 ವರ್ಷ, ಅದೇ ಬೀಡಿ ಕೆಲಸ, ಐದು ವರ್ಷದಿಂದ ಬಿಪಿ, ಕೈಯಲ್ಲಿ ಹಿಡ್ಕೊಂಡದ್ದು ಅದೇ ಅಟೆನೊಲಾಲ್ ಕ್ಲೋರ್‌ಥಾಲಿಡೋನ್ ಸ್ಟ್ರಿಪ್. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅವರಿಗೆ ಹೇಳ್ತಾ ಇದ್ರು, ಸೊಂಟ ಅಳೆಯುವಾಗ ಹೊಟ್ಟೆ ಒಳಗೆ ಎಳ್ಕೊಬೇಡ, ಮತ್ತೆ ರಕ್ತ ತೆಗೆಯುವಾಗ ಬೂದು ಮುಚ್ಚಳ ಉಂಟಾ ಕೇಳು.